ವೈನ್ಸ್ ಅಂಗಡಿಯಲ್ಲಿ ವೈನ್ ಎಲ್ಲಿದೆ?

ಹೈದರಾಬಾದಿನಲ್ಲಿ ಯಾರಿಗಾದರೂ ದಾರಿ ಕೇಳಿ ನೋಡಿ, ಉತ್ತರದಲ್ಲಿ ಎಲ್ಲೋ ಒಂದು ಕಡೆ ‘ವೈನ್ಸ್’ ಬಂದೇ ಬರುತ್ತದೆ. ವೈನ್ಸ್ ದಾಟಿ ಎಡಕ್ಕೆ, ವೈನ್ಸ್ ಎದುರಿನ ಮೆಡಿಕಲ್ ಶಾಪು, ವೈನ್ಸ್ ಪಕ್ಕದ ಗಲ್ಲಿಯಲ್ಲಿ ಮೂರನೇ ಗೇಟು. ನಮ್ಮ ಊರುಗಳಲ್ಲೂ ಈ ಬೋರ್ಡು ಇದೆ ನಿಜ, ಆದರೆ ನಮ್ಮಲ್ಲಿ ಬಾರು, ಎಂಎಸ್‌ಐಎಲ್ಲು ಅಂತ ಬೇರೆ ಬೇರೆ ಹೆಸರುಗಳೂ ಇವೆ. ಇಲ್ಲಿ ಮದ್ಯದಂಗಡಿ ಅಂದರೆ ವೈನ್ಸ್, ಅಷ್ಟೇ. ಹಿಂದೆ ಒಂದು ದೇವರ ಹೆಸರು, ಮುಂದೆ ವೈನ್ಸ್. ಒಳಗೆ ವಿಸ್ಕಿ ಇದೆ, ಬ್ರಾಂದಿ ಇದೆ, ಐಸಿನಲ್ಲಿ ಬಿಯರು ಇದೆ. ವೈನ್ ಕೇಳಿದರೆ ಮಾತ್ರ ಕೌಂಟರಿನ ಹುಡುಗ ಒಂದು ಕ್ಷಣ ನಮ್ಮ ಮುಖ ನೋಡಿ, ಆಮೇಲೆ ಸ್ಟೂಲು ಹತ್ತಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಬಾಟಲಿ ಇಳಿಸುತ್ತಾನೆ. ‘ಸ್ವೀಟ್‌ಗಾ ಉಂಟುಂದಿ ಮೇಡಂ, ತೀಸ್ಕೋಂಡಿ’ ಅನ್ನುತ್ತಾನೆ. ಸಿಹಿಯಾಗಿರುತ್ತೆ, ತಗೊಳ್ಳಿ ಅಂತ. ಹೆಂಗಸರು ಕೇಳಿದರೆ ಸಿಹಿಯೇ ಇರಬೇಕು ಎಂಬುದು ಅವನ ಲೆಕ್ಕ.

ಅಡುಗೆ, ಬಾಡಿಗೆ, ಮಕ್ಕಳ ಕನ್ನಡ, ಊರಿಗೆ ಹೋಗುವ ರೈಲು ಅಂತ ಬರೆದುಕೊಂಡು ಬಂದ ಈ ಅಂಕಣದಲ್ಲಿ ಈ ಸಲ ವೈನಿನ ಮಾತು ಯಾಕೆ ಅಂದರೆ, ಪುಣೆಯ ಓದುಗರೊಬ್ಬರು ಕೇಳಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಶನಿವಾರ ಸಂಜೆ ಮನೆಯಲ್ಲೇ ಊಟದ ಜತೆ ಒಂದೊಂದು ಲೋಟ ಕುಡಿಯೋಣ ಅಂತ ಆಸೆ, ಹೋಟೆಲಿನ ಬಿಲ್ಲು ನೋಡಿದರೆ ಭಯ, ಅಂಗಡಿಯಲ್ಲಿ ಏನು ಆರಿಸಬೇಕು ಗೊತ್ತಾಗುವುದಿಲ್ಲ, ಯಾರನ್ನಾದರೂ ಕೇಳಲು ಸಂಕೋಚ. ಇದೇ ಪ್ರಶ್ನೆಯನ್ನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಒಬ್ಬರು ಗೆಳತಿ ಪಿಸುಮಾತಿನಲ್ಲಿ ನನ್ನನ್ನೂ ಕೇಳಿದ್ದರು. ನಾನು ಪಂಡಿತೆ ಅಲ್ಲ. ಬ್ಯಾಂಕಿನ ಕೆಲಸ, ಬೇಗಂಪೇಟೆಯ ಪ್ರಕಾಶ ನಗರದಲ್ಲಿ ಹದಿನಾಲ್ಕು ವರ್ಷದ ಸಂಸಾರ. ಆದರೆ ಸಾವಿರ ರೂಪಾಯಿಯ ಒಳಗೆ ಕುಡಿಯಬಹುದಾದ ವೈನ್ ಹುಡುಕುವ ಕೆಲಸವನ್ನು ಏಳೆಂಟು ವರ್ಷದಿಂದ ಮನೆಯ ದಿನಸಿಯಷ್ಟೇ ಕಾಳಜಿಯಿಂದ ಮಾಡಿದ್ದೇನೆ. ಕುಡಿಯದವರಿಗೆ ಕುಡಿಯಿರಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಕುಡಿಯುವ ಮನಸ್ಸಿರುವವರು ಕೆಟ್ಟದ್ದಕ್ಕೆ ದುಡ್ಡು ಹಾಕದಿರಲಿ ಅಂತ.

ಮೊದಲು ಈ ಅಂಗಡಿಗಳಲ್ಲಿ ವೈನ್ ಯಾಕೆ ಇರುವುದಿಲ್ಲ ಅನ್ನುವುದನ್ನು ತಿಳಿದರೆ ಎಲ್ಲಿ ಕೊಳ್ಳಬೇಕು ಅನ್ನುವುದು ತಾನೇ ಹೊಳೆಯುತ್ತದೆ. ತೆಲಂಗಾಣದಲ್ಲಿ ಮದ್ಯದಂಗಡಿಯ ಲೈಸೆನ್ಸು ಎರಡು ವರ್ಷಕ್ಕೆ, ಅದೂ ಲಾಟರಿ ಎತ್ತಿ. 2023ರಲ್ಲಿ 2,620 ಅಂಗಡಿಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಆಗ ಅರ್ಜಿಯೊಂದಕ್ಕೆ 2 ಲಕ್ಷ ರೂಪಾಯಿ ಇತ್ತು, ಚೀಟಿ ಬರದಿದ್ದರೂ ಆ ದುಡ್ಡು ವಾಪಸ್ಸಿಲ್ಲ. ಅಷ್ಟು ಹಾಕಿ, ಮೇಲೆ ಲೈಸೆನ್ಸಿನ ಶುಲ್ಕವನ್ನೂ ಕಟ್ಟಿ ಅಂಗಡಿ ಹಿಡಿದವನಿಗೆ ಇರುವುದು ಎರಡೇ ವರ್ಷ. ಅವನು ಬೆಳಿಗ್ಗೆ ಇಟ್ಟು ಸಂಜೆ ಖಾಲಿಯಾಗುವ ಸರಕನ್ನು ಇಡುತ್ತಾನೆಯೇ ಹೊರತು, ವಾರಕ್ಕೊಬ್ಬಳು ಬಂದು ಲೇಬಲ್ ಓದಿ ಹೋಗುವ ವೈನಿಗೆ ಜಾಗ ಕೊಡುವುದಿಲ್ಲ. ಅವನನ್ನು ಬೈದು ಉಪಯೋಗವಿಲ್ಲ.

ಹಾಗಾಗಿ ಆ ಒಂದೋ ಎರಡೋ ಬಾಟಲಿ ಅಟ್ಟದ ಮೇಲೆ, ಟ್ಯೂಬ್‌ಲೈಟಿನ ಪಕ್ಕದಲ್ಲಿ, ತಿಂಗಳುಗಟ್ಟಲೆ ನಿಂತಿರುತ್ತದೆ. ಟಿವಿಯಲ್ಲಿ ಹೈದರಾಬಾದಿನ ಉಷ್ಣಾಂಶ ಅಂತ ಹೇಳುತ್ತಾರಲ್ಲ, ಅದು ನಮ್ಮ ಬೇಗಂಪೇಟೆಯ ಹಳೇ ಏರ್‌ಪೋರ್ಟಿನ ಹವಾಮಾನ ಕೇಂದ್ರದ ಅಳತೆ. ಮೇ ತಿಂಗಳಲ್ಲಿ ಅದು ನಲವತ್ತು ದಾಟುವುದು ಮಾಮೂಲು. ವಿಸ್ಕಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ವೈನ್ ಹಾಗಲ್ಲ, ಅದು ಬೇಯುತ್ತದೆ. ಮೂವತ್ತು ಡಿಗ್ರಿಗಿಂತ ಮೇಲೆ ವಾರಗಟ್ಟಲೆ ಇದ್ದ ಕೆಂಪು ವೈನ್ ತೆಗೆದರೆ ಹಣ್ಣಿನ ವಾಸನೆಯ ಬದಲು ಕುದಿಸಿಟ್ಟ ಜಾಮಿನ ವಾಸನೆ ಬರುತ್ತದೆ. ಬಿಳಿಯದು ಹಳದಿಯಾಗಿ, ಕೊಯ್ದಿಟ್ಟ ಸೇಬಿನ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾರ್ಕಿನ ಬಾಟಲಿಯಾದರೆ ಬಿರಡೆ ಸ್ವಲ್ಪ ಮೇಲೆದ್ದಿರುತ್ತದೆ, ಕುತ್ತಿಗೆ ಅಂಟಂಟಾಗಿರುತ್ತದೆ. ‘ಇಂಡಿಯನ್ ವೈನ್ ಚೆನ್ನಾಗಿರಲ್ಲ’ ಅನ್ನುವವರಲ್ಲಿ ಅರ್ಧ ಜನ ಬೆಂದ ವೈನ್ ಕುಡಿದವರು ಅಂತ ನನ್ನ ಗುಮಾನಿ.

ಆದ್ದರಿಂದ ಹತ್ತಿರದ ಅಂಗಡಿ ಬಿಟ್ಟು, ಒಳಗೆ ನಡೆದು ಹೋಗಿ ಕೈಯಲ್ಲಿ ಹಿಡಿದು ನೋಡಬಹುದಾದ, ಎಸಿ ಇರುವ ಅಂಗಡಿಗೆ ಹೋಗಿ. ಸೋಮಾಜಿಗುಡ, ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಕಡೆ ಇಂಥವು ಇವೆ. ಬಾಟಲಿಯ ಮೇಲಿನ ಎಂಆರ್‌ಪಿ ಇಲ್ಲೂ ಅಲ್ಲೂ ಒಂದೇ, ಎಸಿಗೆ ಅಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಹೆಣ್ಣುಮಕ್ಕಳಿಗೆ ಇನ್ನೊಂದು ಕಾರಣವನ್ನು ನಾನು ಹೇಳಬೇಕಾಗಿಲ್ಲ. ಕಬ್ಬಿಣದ ಜಾಲರಿಯ ಹೊರಗೆ, ಪಕ್ಕದ ಪರ್ಮಿಟ್ ರೂಮಿನಿಂದ ಬರುವ ಹೊಗೆ ಮತ್ತು ನೋಟಗಳ ನಡುವೆ ನಿಂತು, ‘ಅದಲ್ಲ, ಅದರ ಪಕ್ಕದ್ದು, ಅದು ಯಾವ ವರ್ಷದ್ದು ನೋಡಪ್ಪ’ ಅನ್ನುವ ಸಾವಧಾನ ಯಾರಿಗಿರುತ್ತದೆ? ನನ್ನ ಸಹೋದ್ಯೋಗಿ ಒಬ್ಬರು ಮನೆಯ ಡ್ರೈವರಿನ ಕೈಯಲ್ಲಿ ತರಿಸುತ್ತಾರೆ. ಅವನು ತರುವುದು ಅವನಿಗೆ ತೋಚಿದ್ದು. ದುಡ್ಡು ನಮ್ಮದಾದ ಮೇಲೆ ಆಯ್ಕೆಯೂ ನಮ್ಮದಾಗಬೇಕು. ತರಕಾರಿ ಮುಟ್ಟಿ ನೋಡಿ ತರುವವರು ನಾವು.

ಇನ್ನು ದುಡ್ಡಿನ ವಿಷಯ. ಒಂದು ಬಾಟಲಿ ಅಂದರೆ 750 ಎಂಎಲ್. ಲೋಟಕ್ಕೆ 150 ಎಂಎಲ್ ಹಾಕಿದರೆ ಐದು ಲೋಟ. 900 ರೂಪಾಯಿಯ ಬಾಟಲಿಯಲ್ಲಿ ಲೋಟಕ್ಕೆ 180 ರೂಪಾಯಿ ಬಿತ್ತು. ಇದೇ ವೈನನ್ನು ಹೋಟೆಲಿನಲ್ಲಿ ಒಂದು ಲೋಟ ಕೇಳಿ, ಬಿಲ್ಲನ್ನು ನೀವೇ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಬಾಟಲಿ, ಎರಡೂ ಸೇರಿ 2,000 ದಾಟಬಾರದು ಅನ್ನುವುದು ಕಟ್ಟಳೆ. ಬೆಲೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಂದೇ ಬಾಟಲಿ ಪುಣೆಯಲ್ಲಿ ಒಂದು, ಬೆಂಗಳೂರಲ್ಲಿ ಒಂದು, ಇಲ್ಲಿ ಒಂದು, ಏಕೆಂದರೆ ಮದ್ಯದ ತೆರಿಗೆ ಜಿಎಸ್‌ಟಿಯೊಳಗಿಲ್ಲ, ಪ್ರತಿ ರಾಜ್ಯವೂ ತನ್ನದೇ ಲೆಕ್ಕ ಹಾಕುತ್ತದೆ. ಹಾಗಾಗಿ ನಾನು ಹೇಳುವ ಹೆಸರುಗಳನ್ನು ಹಿಡಿದುಕೊಳ್ಳಿ, ಬೆಲೆ ನಿಮ್ಮ ಊರಿನದನ್ನು ನೋಡಿಕೊಳ್ಳಿ.

ತೀರಾ ಅಗ್ಗದ ಕಪಾಟಿನಲ್ಲಿ ಇರುವುದು ಹೆಚ್ಚಾಗಿ ‘ಪೋರ್ಟ್’. ಪೋರ್ಚುಗಲ್ಲಿನ ಪೋರ್ಟ್ ಅಂದರೆ ಹುದುಗುವುದನ್ನು ನಡುವೆಯೇ ಬ್ರಾಂದಿ ಹಾಕಿ ನಿಲ್ಲಿಸಿ, ಹಣ್ಣಿನ ಸಿಹಿಯನ್ನೇ ಉಳಿಸಿಕೊಂಡ, ಸುಮಾರು ಇಪ್ಪತ್ತು ಪರ್ಸೆಂಟಿನ ಗಟ್ಟಿ ವೈನ್. ನಮ್ಮ ಅಗ್ಗದ ಪೋರ್ಟ್ ಆ ಹೆಸರನ್ನು ಎರವಲು ತಂದಿದೆ, ಬಹಳ ಕಡೆ ಸಕ್ಕರೆಯ ಸಿಹಿ. ಕರ್ನಾಟಕದಲ್ಲಿ ಇದಕ್ಕೆ ಹೆಚ್ಚು ಹೋಗುತ್ತಿದ್ದುದು ಬೆಂಗಳೂರು ಬ್ಲೂ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, 2013ರಲ್ಲಿ ಜಿಐ ಪಡೆದ, ಬೀಜವಿರುವ ಆ ಕಪ್ಪು ದ್ರಾಕ್ಷಿ ನಿಮಗೆ ಗೊತ್ತೇ ಇದೆ. ತಿನ್ನಲು, ಜ್ಯೂಸಿಗೆ ಅದರ ಮುಂದೆ ಬೇರೆ ಇಲ್ಲ. ವೈನಾದಾಗ ಮಾತ್ರ ಅದರ ಕಸ್ತೂರಿಯಂಥ ಘಾಟು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಕ್ರಿಸ್‌ಮಸ್ಸಿಗೆ ಮಂಗಳೂರಿನ ಗೆಳತಿಯರು ಮನೆಯಲ್ಲಿ ಮಾಡಿ ಕೊಡುವ ವೈನಿನಲ್ಲಿ ಆ ಘಾಟು ನನಗೆ ಇಷ್ಟ. ಊಟದ ಜತೆ ಬೇಡ.

ನಮ್ಮ ಅತ್ತೆಗೆ ಮಾತ್ರ ಪೋರ್ಟ್ ವಾಸನೆ ಕೇಳಿ ಪರಿಚಯದ್ದು ಅನ್ನಿಸಿತು. ‘ಏನಮ್ಮಾ ಇದು, ನನ್ನ ಔಷಧಿ ವಾಸನೆ ಬರ್ತಾ ಇದೆ’ ಅಂದರು. ಅತ್ತೆ ಮೈಸೂರಿನವರು, ಊಟವಾದ ಮೇಲೆ ಇಪ್ಪತ್ತು ವರ್ಷದಿಂದ ದ್ರಾಕ್ಷಾರಿಷ್ಟ ಕುಡಿಯುವವರು. ಆ ಬಾಟಲಿಯನ್ನು ತಂದು, ಸಣ್ಣ ಅಕ್ಷರ ಓದಿ ತೋರಿಸಿದೆ: ಸ್ವಯಂಜನ್ಯ ಆಲ್ಕೋಹಾಲ್ ಇಂತಿಷ್ಟು ಪರ್ಸೆಂಟ್. ದ್ರಾಕ್ಷಿ ಬೆಲ್ಲ ಹುದುಗಿಸಿ ಮಾಡುವ ಆಸವ ಅರಿಷ್ಟಗಳಲ್ಲಿ ಅದು ಇರಲೇಬೇಕಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ತಾವೇ ಓದಿದರು. ‘ಅದು ಡಾಕ್ಟ್ರು ಬರೆದುಕೊಟ್ಟದ್ದು’ ಅಂದರು. ಮಾತು ಅಲ್ಲಿಗೆ ನಿಂತಿತು. ಮರುದಿನವೂ ಎರಡು ಚಮಚ ಕುಡಿದರು. ನಮ್ಮ ಶನಿವಾರದ ಲೋಟದ ಬಗ್ಗೆ ಅಂದಿನಿಂದ ಅವರು ಏನೂ ಅಂದಿಲ್ಲ.

ಲೇಬಲ್ ಓದುವುದು ಕಷ್ಟದ ಕೆಲಸವಲ್ಲ. ಮೊದಲು ವರ್ಷ ನೋಡಿ. ಯೂರೋಪಿನಲ್ಲಿ ದ್ರಾಕ್ಷಿ ಕೊಯ್ಯುವುದು ಆಗಸ್ಟಿನಿಂದ ಅಕ್ಟೋಬರಿಗೆ. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟಣಿ, ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ. ಕೊಯ್ಲು ಜನವರಿಯಿಂದ ಮಾರ್ಚಿಗೆ. ಹಾಗಾಗಿ ನಮ್ಮ ಬಿಳಿ ವೈನ್ ಅದೇ ವರ್ಷದ ಕೊನೆಯೊಳಗೆ ಅಂಗಡಿಗೆ ಬಂದಿರುತ್ತದೆ. ಈ ಬೆಲೆಯ ಬಿಳಿ ಮತ್ತು ರೋಸೆ ವೈನುಗಳು ಇಟ್ಟಷ್ಟೂ ಚೆನ್ನಾಗುವಂಥವಲ್ಲ, ಎಳೆಯದಿದ್ದಾಗಲೇ ರುಚಿ. ಎರಡು ವರ್ಷಕ್ಕಿಂತ ಹಳೆಯದನ್ನು ನಾನು ಮುಟ್ಟುವುದಿಲ್ಲ. ಕೆಂಪಿಗೆ ಮೂರು, ಬಹಳವೆಂದರೆ ನಾಲ್ಕು. ‘ಹಳೇ ವೈನ್ ಒಳ್ಳೇ ವೈನ್’ ಅನ್ನುವ ಮಾತು ಬೇರೆ ಬೆಲೆಯ, ಬೇರೆ ನೆಲಮಾಳಿಗೆಯ ಬಾಟಲಿಗಳದ್ದು. ವರ್ಷವೇ ಬರೆದಿಲ್ಲದಿದ್ದರೆ ಬಾಟಲಿಗೆ ತುಂಬಿದ ತಿಂಗಳನ್ನು ಹುಡುಕಿ, ಹಿಂದಿನ ಚೀಟಿಯಲ್ಲಿರುತ್ತದೆ.

ಎರಡನೆಯದು ದ್ರಾಕ್ಷಿಯ ಹೆಸರು. ಶಿರಾಜ್, ಕ್ಯಾಬರ್ನೆ ಸೊವಿನ್ಯೋಂ, ಶೆನಿನ್ ಬ್ಲಾಂಕ್, ಸೊವಿನ್ಯೋಂ ಬ್ಲಾಂಕ್ ಹೀಗೆ ಬರೆದಿದ್ದರೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಬರೀ ‘ರೆಡ್ ವೈನ್’ ಅಂತಿದ್ದರೆ ಅದು ಜಾಣತನದ ಮೌನ. ಮೂರನೆಯದು ಮುಚ್ಚಳ. ತಿರುಪಿನ ಮುಚ್ಚಳ ಅಂದರೆ ಅಗ್ಗದ ಮಾಲು ಅಂತ ಮೂಗು ಮುರಿಯುವವರಿದ್ದಾರೆ. ನಮ್ಮ ಸೆಕೆಗೆ, ಅರ್ಧ ಕುಡಿದು ಫ್ರಿಜ್ಜಿನಲ್ಲಿಡುವ ನಮ್ಮ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಕಾರ್ಕು ತೆಗೆಯುವ ಸಾಧನ ಹುಡುಕುವ ತಾಪತ್ರಯವೂ ಇಲ್ಲ.

ಹೆಸರುಗಳಿಗೆ ಬರೋಣ. ನಾಸಿಕದ ಸುಲಾ 2000ದಲ್ಲಿ ಮೊದಲ ವೈನ್ ಮಾರುಕಟ್ಟೆಗೆ ತಂದಿತು, ಇವತ್ತು ಅದು ಸಿಗದ ಮೆಟ್ರೋ ಇಲ್ಲ. ಅದರ ಶೆನಿನ್ ಬ್ಲಾಂಕ್ ಸ್ವಲ್ಪ ಸಿಹಿಯ ಕಡೆಗಿದೆ, ಹೊಸದಾಗಿ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ಅದರ ಶಿರಾಜ್ ಕ್ಯಾಬರ್ನೆ ವರ್ಷದಿಂದ ವರ್ಷಕ್ಕೆ ಒಂದೇ ಥರ ಇರುತ್ತದೆ, ದಿನಬಳಕೆಯ ವಸ್ತುವಿನಲ್ಲಿ ಅದು ದೊಡ್ಡ ಗುಣ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲ್ಲಿಯವರ ‘ಕ್ಲಾಸಿಕ್’ ಸಾಲಿನ ಶಿರಾಜ್ ನನಗೆ ಇನ್ನೂ ಒಂದು ಕೈ ಹೆಚ್ಚು. ನಮ್ಮವರಿಗೆ ಅದು ಒಗರು. ಅವರು ಮೈಸೂರಿನವರು, ಅವರಿಗೆ ಎಲ್ಲದರಲ್ಲೂ ಒಂದು ಚೂರು ಬೆಲ್ಲ ಬೇಕು. ಫ್ರಾಟೆಲ್ಲಿಯವರು ಇಟಲಿಯ ಸಾಂಜೊವೇಸೆ ದ್ರಾಕ್ಷಿಯನ್ನೂ ಬೆಳೆಯುತ್ತಾರೆ, ಟೊಮೆಟೊ ಹಾಕಿದ ಅಡುಗೆಗೆ ಅದು ಹೇಳಿಮಾಡಿಸಿದ ಹಾಗೆ. ಕರ್ನಾಟಕದ್ದೇ ಬೇಕು ಅನ್ನುವವರಿಗೆ, ಬೆಂಗಳೂರಿನ ಜಾನ್ ಡಿಸ್ಟಿಲರೀಸಿನ ಬಿಗ್ ಬನಿಯನ್ ಇದೆ. 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ದೊಡ್ಡಬಳ್ಳಾಪುರದ ಬಳಿ ಶುರುವಾದ ಗ್ರೋವರ್ ಇದೆ. ಗ್ರೋವರ್‌ನ ಲಾ ರಿಸರ್ವ್ ಒಳ್ಳೆಯ ಹೆಸರು ಮಾಡಿದ ವೈನ್, ಆದರೆ ನಮ್ಮ ಕಟ್ಟಳೆಯ ಬೆಲೆಗಿಂತ ಮೇಲಿದೆ. ಅವರದೇ ‘ಆರ್ಟ್ ಕಲೆಕ್ಷನ್’ ಕೈಗೆಟುಕುವ ಹತ್ತಿರ ಬರುತ್ತದೆ. ಹೈದರಾಬಾದಿನವರು ಹೆಮ್ಮೆಪಡುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ: ಇಲ್ಲಿನ ಗ್ರಾನ್ಯೂಲ್ಸ್ ಔಷಧ ಕಂಪನಿಯ ಕೃಷ್ಣ ಪ್ರಸಾದ್ ಚಿಗುರುಪಾಟಿ, ಉಮಾ ದಂಪತಿ ಕೊಪ್ಪಳ ಜಿಲ್ಲೆಯಲ್ಲಿ ದ್ರಾಕ್ಷಿ ಹಾಕಿ ‘ಕೃಷ್ಮಾ’ ಅಂತ ವೈನ್ ಮಾಡುತ್ತಾರೆ. ದುಡ್ಡು ತೆಲುಗಿನದು, ಮಣ್ಣು ಕನ್ನಡದ್ದು. ಅದು ಮದುವೆಯ ವಾರ್ಷಿಕೋತ್ಸವದ ವೈನ್, ಶನಿವಾರದ್ದಲ್ಲ.

ವಿದೇಶದ್ದು ಬೇಡವೇ ಅಂದರೆ, ಈ ಬೆಲೆಯಲ್ಲಿ ಬೇಡ. ಹೊರಗಿನ ವೈನಿಗೆ ಬಹಳ ವರ್ಷ 150 ಪರ್ಸೆಂಟ್ ಸುಂಕ ಇತ್ತು. 2022ರ ಡಿಸೆಂಬರಿನಿಂದ ಆಸ್ಟ್ರೇಲಿಯಾದ ವೈನಿಗೆ ಇಳಿಸಿದ್ದಾರೆ, ಆದರೆ ಬಾಟಲಿಗೆ 5 ಡಾಲರಿಗಿಂತ ಕಡಿಮೆ ಬೆಲೆಯದಕ್ಕೆ ಆ ರಿಯಾಯಿತಿ ಇಲ್ಲ. ಅಂದರೆ ಸಾವಿರದಿನ್ನೂರಕ್ಕೆ ಸಿಗುವ ವಿದೇಶಿ ಬಾಟಲಿಯಲ್ಲಿ ನಾವು ಕುಡಿಯುವುದು ಹೆಚ್ಚಾಗಿ ಸುಂಕ ಮತ್ತು ಹಡಗಿನ ಬಾಡಿಗೆ.

ಈಗ ನನಗೆ ಇಷ್ಟವಾದ ಭಾಗ. ವೈನಿನ ಪುಸ್ತಕಗಳು ಚೀಸು, ಕುರಿಮಾಂಸದ ಹುರಿದ ತುಂಡು ಅಂತ ಬರೆಯುತ್ತವೆ. ನಮ್ಮ ಮೇಜಿನ ಮೇಲೆ ಇರುವುದು ಬೇರೆ. ಖಾರಕ್ಕೂ ಕೆಂಪು ವೈನಿನ ಒಗರಿಗೂ ಆಗಿಬರುವುದಿಲ್ಲ. ಆಲ್ಕೋಹಾಲ್ ಹೆಚ್ಚಿದಷ್ಟೂ ಮೆಣಸಿನಕಾಯಿ ಇನ್ನೂ ಉರಿಯುತ್ತದೆ. ಆದ್ದರಿಂದ ಆಂಧ್ರದ ಖಾರದ ಪುಡಿ, ಗುಂಟೂರು ಮೆಣಸಿನಕಾಯಿಯ ಕೋಳಿ ಇರುವ ದಿನ ತಣ್ಣಗಿನ ಶೆನಿನ್ ಬ್ಲಾಂಕ್, ಅದರ ಸಣ್ಣ ಸಿಹಿ ನಾಲಿಗೆಯನ್ನು ಕಾಯುತ್ತದೆ. ಬಿಸಿಬೇಳೆಭಾತಿಗೂ ಅದೇ. ಗೋಂಗುರದ ಹುಳಿಗೆ ಹುಳಿಯೇ ಜತೆ, ಸೊವಿನ್ಯೋಂ ಬ್ಲಾಂಕ್. ಕೊತ್ತಂಬರಿ, ನಿಂಬೆ ಜಾಸ್ತಿಯಿರುವ ಯಾವುದಕ್ಕೂ ಅದು ಸೇರುತ್ತದೆ. ಬಿರಿಯಾನಿಗೆ ಬಹಳ ಪ್ರಯೋಗ ಮಾಡಿದ್ದೇವೆ, ಈ ಊರಲ್ಲಿದ್ದ ಮೇಲೆ ಮಾಡದೆ ವಿಧಿಯಿಲ್ಲ. ಮಟನ್ ಬಿರಿಯಾನಿಗೆ ಫ್ರಿಜ್ಜಿನಿಂದ ತೆಗೆದ ರೋಸೆ. ಮಿರ್ಚಿ ಕಾ ಸಾಲನ್ ಬಡಿಸಿಕೊಂಡರೂ ಕೆಡುವುದಿಲ್ಲ.

ಕೆಂಪು ವೈನಿಗೆ ನಾನು ಕಂಡುಕೊಂಡ ನಿಜವಾದ ಸಂಗಾತಿ ನಮ್ಮ ಕಡೆಯ ಬದನೆಕಾಯಿ ಎಣ್ಣೆಗಾಯಿ. ನಾನು ವಿಜಯಪುರದವಳು, ಪಕ್ಷಪಾತ ಇರಬಹುದು. ಆದರೆ ಲೆಕ್ಕ ಸರಿಯಿದೆ: ಶೇಂಗಾ, ಗುರೆಳ್ಳು, ಎಳ್ಳಿನ ಜಿಡ್ಡು ಶಿರಾಜಿನ ಒಗರನ್ನು ಹದಕ್ಕೆ ತರುತ್ತದೆ, ಶಿರಾಜಿನ ಕಾಳುಮೆಣಸಿನಂಥ ಘಮ ಮಸಾಲೆಗೆ ಕೂಡಿಕೊಳ್ಳುತ್ತದೆ. ಖಡಕ್ ಜೋಳದ ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ, ಒಂದು ಗುಟುಕು ಕುಡಿದು ನೋಡಿ. ಮೇಲೆ ಹಸಿಮೆಣಸಿನಕಾಯಿ ಕಚ್ಚಬೇಡಿ, ಅಷ್ಟೇ. ಮೊಸರನ್ನಕ್ಕೆ ಯಾವ ವೈನೂ ಬೇಡ. ಅದು ಬಂತು ಅಂದರೆ ಊಟ ಮುಗಿಯಿತು, ಲೋಟ ತೊಳೆದಿಡಿ.

ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕು ಅಂತ ಬಾಟಲಿಯ ಮೇಲೇ ಬರೆದಿರುತ್ತಾರೆ. ಆ ರೂಮು ಯೂರೋಪಿನ ಹಳೇ ಕಲ್ಲಿನ ಮನೆಯದು, ಹದಿನಾರು ಹದಿನೆಂಟು ಡಿಗ್ರಿಯದು. ಬೇಗಂಪೇಟೆಯ ನಾಲ್ಕನೇ ಮಹಡಿಯ ಪಶ್ಚಿಮದ ಗೋಡೆಯ ರೂಮು ಅಲ್ಲ. ಕೆಂಪಾದರೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿ, ರೋಸೆ ಎರಡು ಗಂಟೆ. ಸ್ಟೀಲ್ ಲೋಟ ಬೇಡ, ತೆಳ್ಳಗಿನ ಗಾಜಿನ ಲೋಟ ಯಾವುದಾದರೂ ಸಾಕು, ಕಾಲಿರುವ ಲೋಟಕ್ಕೆ ದುಡ್ಡು ಹಾಕಬೇಡಿ. ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲೇ ಇಟ್ಟು ಮೂರು ದಿನದೊಳಗೆ ಮುಗಿಸಿ. ಶನಿವಾರ ತೆಗೆದದ್ದು ಸೋಮವಾರಕ್ಕೆ ಇನ್ನೂ ಚೆನ್ನಾಗಿರುತ್ತದೆ, ಗುರುವಾರಕ್ಕೆ ವಿನೆಗರಿನ ದಾರಿ ಹಿಡಿದಿರುತ್ತದೆ. ಒಬ್ಬರೇ ಇರುವವರಿಗೆ 375 ಎಂಎಲ್ ಅರ್ಧ ಬಾಟಲಿ ಸಿಕ್ಕರೆ ಅದೇ ಸರಿ, ಲೋಟದ ಲೆಕ್ಕದಲ್ಲಿ ತುಸು ದುಬಾರಿ ಆದರೂ ಚೆಲ್ಲುವುದು ತಪ್ಪುತ್ತದೆ.

ಹೃದಯಕ್ಕೆ ಒಳ್ಳೆಯದು ಅಂತ ಹೇಳಿಕೊಂಡು ಕುಡಿಯಬೇಡಿ. ಎಷ್ಟು ಕಡಿಮೆ ಕುಡಿದರೂ ಅಪಾಯವೇ ಇಲ್ಲ ಅನ್ನುವ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಬಿಡಿಸಿ ಹೇಳಿದೆ. ರುಚಿಗೆ, ಮಾತಿಗೆ ಕುಡಿಯುತ್ತೇವೆ ಅಂದರೆ ಅದು ಪ್ರಾಮಾಣಿಕ ಮಾತು.

ಇಷ್ಟೆಲ್ಲ ಬರೆದ ಮೇಲೆ, ನಮ್ಮ ಮನೆಯಲ್ಲಿ ಇದು ಅಷ್ಟು ಸಲೀಸಾಗಿ ಆದದ್ದಲ್ಲ ಅನ್ನುವುದನ್ನೂ ಬರೆಯಬೇಕು. ಅತ್ತೆಯದು ಹಾಸ್ಯದಲ್ಲಿ ಮುಗಿಯಿತು. ನನ್ನ ಅವ್ವನದು ಹಾಗಲ್ಲ. ನಮ್ಮ ದೊಡ್ಡಪ್ಪ ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ಮಾಡಿದ್ದವರು. ಕುಡಿತದಲ್ಲಿ ಮೊದಲು ಎರಡು ಎಕರೆ ಹೋಯಿತು, ಆಮೇಲೆ ಉಳಿದದ್ದು, ಆಮೇಲೆ ಅವರೂ. ದೊಡ್ಡವ್ವ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದರು. ಆ ಮನೆಯಲ್ಲಿ ಬಾಟಲಿ ಯಾವಾಗಲೂ ಬಚ್ಚಿಟ್ಟೇ ಇರುತ್ತಿತ್ತು, ಜೋಳದ ಚೀಲದ ಹಿಂದೆ, ಪಂಪಿನ ಕೋಣೆಯಲ್ಲಿ. ಇದನ್ನೆಲ್ಲ ಕಂಡ ಅವ್ವ ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದಾಗ, ಫ್ರಿಜ್ಜಿನ ಬಾಗಿಲಲ್ಲಿ ನೀರಿನ ಬಾಟಲಿಗಳ ಪಕ್ಕ ಶೆನಿನ್ ಬ್ಲಾಂಕ್ ನೋಡಿದಳು. ಬೈಯಲಿಲ್ಲ. ರಾತ್ರಿ ಊಟಕ್ಕೆ ಬರಲಿಲ್ಲ.

‘ಅವ್ವಾ, ಇದು ಅದಲ್ಲ’ ಅಂದೆ.

‘ಮನಿಯೊಳಗ ಬಾಟ್ಲಿ ಅಂದ್ರ ಬಾಟ್ಲಿನ. ಅವರೂ ಮೊದಲ ಹಿಂಗ ಒಂದ ಗ್ಲಾಸ ಅಂತಿದ್ರು’ ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ವೈನಿನಿಂದ ಹಾಗಾಗುವುದಿಲ್ಲ ಅಂತ ಹೇಳಿದರೆ ಸುಳ್ಳು. ಹನ್ನೆರಡು ಹದಿಮೂರು ಪರ್ಸೆಂಟಿನ ಒಂದು ಬಾಟಲಿಯನ್ನು ಒಬ್ಬರೇ ಮುಗಿಸಿದರೆ ಮೂರೂವರೆಯಿಂದ ನಾಲ್ಕು ದೊಡ್ಡ ಪೆಗ್ಗು ಕುಡಿದಷ್ಟೇ. ಚಂದದ ಹೆಸರು, ಚಂದದ ಲೋಟ ಆ ಲೆಕ್ಕವನ್ನು ಬದಲಿಸುವುದಿಲ್ಲ. ಅವ್ವನಿಗೆ ನಾನು ಹೇಳಬಹುದಾಗಿದ್ದು ಒಂದೇ: ಇದು ಬಚ್ಚಿಟ್ಟದ್ದಲ್ಲ. ಫ್ರಿಜ್ಜಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇದೆ. ಊಟದ ಜತೆ ಮಾತ್ರ, ಅಳತೆಯ ಲೋಟದಲ್ಲಿ, ಎಷ್ಟು ಕುಡಿದೆವು ಅನ್ನುವುದು ಮಗಳಿಗೂ ಕಾಣುತ್ತದೆ. ಅವಳಿಗೆ ಹದಿನೇಳು, ಇಲ್ಲಿನ ಕಾನೂನಿನ ಪ್ರಕಾರ ಇಪ್ಪತ್ತೊಂದರವರೆಗೆ ಅವಳಿಗಿಲ್ಲ, ಅದೂ ಅವಳಿಗೆ ಗೊತ್ತು. ಬೇಸರ ಆದ ದಿನ, ಜಗಳ ಆದ ದಿನ, ಆಫೀಸಿನಲ್ಲಿ ಏನೋ ಕೆಟ್ಟ ದಿನ ಬಾಟಲಿ ತೆಗೆಯುವುದಿಲ್ಲ. ಇದು ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ನಿಯಮ. ಎರಡು ಸಲ ನಮ್ಮವರು ತೆಗೆಯಲು ಹೋಗಿ, ನನ್ನ ಮುಖ ನೋಡಿ ವಾಪಸ್ಸಿಟ್ಟಿದ್ದಾರೆ. ಒಂದು ಸಲ ನಾನು ಇಟ್ಟಿದ್ದೇನೆ. ನಿಮ್ಮ ಮನೆತನದಲ್ಲಿ ಇಂಥದ್ದೊಂದು ಕತೆ ಇದ್ದರೆ, ಅಥವಾ ಎರಡನೇ ಲೋಟದಲ್ಲಿ ನಿಲ್ಲಿಸಲು ಆಗುವುದಿಲ್ಲ ಅನ್ನುವುದು ನಿಮಗೆ ಗೊತ್ತಿದ್ದರೆ, ಮೇಲಿನ ಶಿರಾಜ್, ಶೆನಿನ್ ಎಲ್ಲ ಬಿಟ್ಟುಬಿಡಿ. ಎಣ್ಣೆಗಾಯಿ ಮಜ್ಜಿಗೆಯ ಜತೆಗೂ ಚೆನ್ನಾಗಿಯೇ ಇರುತ್ತದೆ.

ಅವ್ವ ಈಗಲೂ ಬಂದಾಗ ಆ ಬಾಟಲಿಯನ್ನು ಮುಟ್ಟುವುದಿಲ್ಲ. ನೀರು ತೆಗೆಯುವಾಗ ಅದನ್ನು ದಾಟಿ ಕೈ ಚಾಚುತ್ತಾಳೆ. ಊಟಕ್ಕೆ ಮಾತ್ರ ನಮ್ಮ ಜತೆಗೇ ಕೂರುತ್ತಾಳೆ.

ಇನ್ನೆರಡು ಸಣ್ಣ ವಿಷಯ. ಊರಿಗೆ ಹೋದಾಗ ಬೆಂಗಳೂರಿನಲ್ಲಿ ವೈನ್ ಅಗ್ಗ, ಆಯ್ಕೆಯೂ ಜಾಸ್ತಿ, ನಾಲ್ಕು ಬಾಟಲಿ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರೋಣ ಅನ್ನಿಸುತ್ತದೆ. ಬೇಡ. ಇಲ್ಲಿನ ಸುಂಕ ಕಟ್ಟದ ಹೊರರಾಜ್ಯದ ಬಾಟಲಿಯನ್ನು ತೆಲಂಗಾಣದ ಅಬಕಾರಿಯವರು ಹಿಡಿಯುತ್ತಾರೆ, ರೈಲಿನಲ್ಲೂ ತಪಾಸಣೆ ಮಾಡುತ್ತಾರೆ. ಬಾಟಲಿ ಹೋಗುವುದಲ್ಲದೆ ಕೇಸೂ ಬೀಳಬಹುದು. ಮತ್ತೆ, ಚುನಾವಣೆ, ಗಾಂಧಿ ಜಯಂತಿ, ಗಣೇಶ ನಿಮಜ್ಜನದ ದಿನಗಳಲ್ಲಿ ಇಲ್ಲಿ ಅಂಗಡಿ ಮುಚ್ಚಿರುತ್ತವೆ. ಅತಿಥಿಗಳು ಬರುವುದಿದ್ದರೆ ಮುಂಚೆಯೇ ತಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ತಂದು ಇಡಬೇಡಿ, ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಸಾಕು ಕೆಡಿಸಲು. ನವೆಂಬರಿನಿಂದ ಫೆಬ್ರವರಿಯವರೆಗೆ ಕೊಳ್ಳಲು ಒಳ್ಳೆಯ ಕಾಲ.

ನಮ್ಮ ಕಾಕಾ ಇನ್ನೂ ದ್ರಾಕ್ಷಿ ಬೆಳೆಯುತ್ತಾರೆ, ಥಾಮ್ಸನ್ ಸೀಡ್‌ಲೆಸ್, ಎಲ್ಲವೂ ಮಣೂಕಕ್ಕೆ ಹೋಗುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿಸಿದರೆ ಒಂದು ಕಿಲೋ ಮಣೂಕ. ಒಂದು ಬಾಟಲಿ ವೈನಿಗೆ ಒಂದೂಕಾಲು ಕಿಲೋ ದ್ರಾಕ್ಷಿ ಸಾಕು ಅಂತ ಫೋನಿನಲ್ಲಿ ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಾದರು. ‘ಮತ್ತ ನಮ್ಮ ದ್ರಾಕ್ಷಿ ತಗೋಳೂದುಲ್ಲೇನು ಅವರು?’ ಅಂದರು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ನಂದಿ ಕಣಿವೆಯ ಜತೆ ಕೃಷ್ಣಾ ಕಣಿವೆ ಅಂತ ನಮ್ಮ ಕಡೆಯ ಹೆಸರೂ ಇತ್ತು, ಕಾಕಾಗೂ ಅದು ನೆನಪಿದೆ. ವೈನಿನ ದ್ರಾಕ್ಷಿ ಬೇರೆ ಜಾತಿ ಕಾಕಾ, ಸಣ್ಣ ಕಾಳು, ದಪ್ಪ ಸಿಪ್ಪೆ, ಬೀಜ ಇರ್ತದ ಅಂತ ವಿವರಿಸಿದೆ. ತಿನ್ನಲಿಕ್ಕೆ ಬರದ ದ್ರಾಕ್ಷಿಯನ್ನು, ಕೊಳ್ಳುವ ಕಂಪನಿ ಒಂದೇ ಇದ್ದಾಗ, ನಂಬಿ ಹೇಗೆ ಹಾಕುವುದು ಅನ್ನುವುದು ಅವರ ಮುಂದಿನ ಪ್ರಶ್ನೆ. ಮಣೂಕವಾದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ರೇಟು ಬರುವವರೆಗೆ ಕಾಯಬಹುದು.

ಕಾಕಾ ಈ ವರ್ಷವೂ ಐದು ಕಿಲೋ ಮಣೂಕ ಕಳಿಸಿದ್ದಾರೆ. ಅದರಲ್ಲಿ ಒಂದು ಡಬ್ಬಿ ಅಕ್ಟೋಬರಿನಿಂದ ಉಳಿದ ಕೆಂಪು ವೈನಿನಲ್ಲಿ ನೆನೆಯುತ್ತಿದೆ, ಡಿಸೆಂಬರಿನ ಕೇಕಿಗೆ. ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದರೂ ಅದಕ್ಕೇ ಸುರಿಯುತ್ತೇನೆ.